ಪೋಲಿ ನಗೆಗೂ ಒಪ್ಪಿಗೆ ಬೇಕು

ನಮಸ್ಕಾರ ಕೇಳುಗರೇ. ಇವತ್ತಿನ ಮಾತು ದೊಡ್ಡವರಿಗೆ. ಮಕ್ಕಳು ಪಕ್ಕದಲ್ಲಿದ್ದರೆ ರೇಡಿಯೋ ಸ್ವಲ್ಪ ಸಣ್ಣ ಮಾಡಿ.

2019ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ‘ಬಾಂಡಿಂಗ್’ ಅಂತ ಒಂದು ಹಾಸ್ಯ ಸರಣಿ ಬಂತು. 7 ಕಂತು, ಒಂದೊಂದೂ ಕಾಲು ಗಂಟೆ ಆಸುಪಾಸು. ಅಂಕೋಲಾದಲ್ಲಿ ಬಸ್ಸು ಹತ್ತಿದರೆ ಕಾರವಾರ ಬರುವಷ್ಟರಲ್ಲಿ ಎರಡು ಮೂರು ಕಂತು ಮುಗಿಯುತ್ತವೆ. ಆದರೆ ಬಸ್ಸಿನಲ್ಲಿ ನೋಡುವಂಥದ್ದಲ್ಲ!

ಕತೆ ನ್ಯೂಯಾರ್ಕಿನದು. ಟಿಫ್ ಎಂಬ ಹುಡುಗಿ ಮನಃಶಾಸ್ತ್ರ ಓದುತ್ತಿದ್ದಾಳೆ. ಸಂಪಾದನೆ ಮಾತ್ರ ಬೇರೆ ಥರದ್ದು. ಬೈಸಿಕೊಳ್ಳಲು, ಕಟ್ಟಿಹಾಕಿಸಿಕೊಳ್ಳಲು ದುಡ್ಡು ಕೊಟ್ಟು ಬರುವ ಗಂಡಸರಿಗೆ ಅವಳು ಯಜಮಾನಿ. ಹೈಸ್ಕೂಲಿನ ಗೆಳೆಯ ಪೀಟ್, ಗಂಡಸರನ್ನೇ ಪ್ರೀತಿಸುವ ಹುಡುಗ, ಜನರನ್ನು ನಗಿಸುವ ಆಸೆ ಬೆಟ್ಟದಷ್ಟಿದ್ದರೂ ವೇದಿಕೆ ಅಂದರೆ ಕೈಕಾಲು ನಡುಗುವವನು, ಅವಳಿಗೆ ಸಹಾಯಕನಾಗಿ ಸೇರುತ್ತಾನೆ. ಇದು ಪ್ರೇಮವಲ್ಲ, ದಾಂಪತ್ಯವಲ್ಲ. ಬರೀ ಗೆಳೆತನ ಅಂದರೂ ಸಾಲದು. ಒಬ್ಬರ ಗುಟ್ಟು ಇನ್ನೊಬ್ಬರ ಕೈಯಲ್ಲಿದೆ. ನನಗೆ ತುಂಬಾ ಹಿಡಿಸಿದ್ದೇ ಇದು. ಪೋಲಿ ಮಾತಿನ ನಡುವೆ ಈ ಇಬ್ಬರು ಒಬ್ಬರನ್ನೊಬ್ಬರು ಕಾಯುತ್ತಾರೆ.

ಆದರೆ ಅದೇ ವೃತ್ತಿಯ ಹೆಂಗಸರು ಮೊದಲ ಸರಣಿಯನ್ನು ತರಾಟೆಗೆ ತೆಗೆದುಕೊಂಡರು. ನಿಜವಾದ ಕೆಲಸದಲ್ಲಿ ಏನು ಮಾಡಬಹುದು, ಏನು ಕೂಡದು ಅಂತ ಮೊದಲೇ ಕೂತು ಮಾತಾಡುತ್ತಾರೆ. ‘ಸಾಕು’ ಅನ್ನುವುದಕ್ಕೆ ಒಂದು ಗುರುತಿನ ಮಾತನ್ನೂ ಗೊತ್ತು ಮಾಡಿಕೊಳ್ಳುತ್ತಾರೆ. ಸರಣಿಯಲ್ಲಿ ಇದು ಸರಿಯಾಗಿ ಇರಲಿಲ್ಲ. ಏನೂ ತಿಳಿಯದ ಪೀಟ್‌ನನ್ನು ಸುಮ್ನೆ ಒಳಗೆ ತಳ್ಳಿ ನಗಿಸಿದರು. ಆ ಹೆಂಗಸರ ಮಾತೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಬಡಗುತಿಟ್ಟಿನ ಯಕ್ಷಗಾನದ ಆಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ನಡುರಾತ್ರಿ ಹಾಸ್ಯದವರು ದೂತನಾಗಿಯೋ ಮುದುಕಿಯಾಗಿಯೋ ರಂಗಕ್ಕೆ ಬರುತ್ತಾರೆ. ಎರಡರ್ಥದ ಮಾತು ಬಿದ್ದೇ ಬೀಳುತ್ತದೆ. ಮುಂದೆ ಕೂತ ಅಜ್ಜಿಯಂದಿರು ಸೆರಗು ಬಾಯಿಗಿಟ್ಟು ನಗುತ್ತಾರೆ. ಮಾತು ಜಾಸ್ತಿಯಾಯಿತು ಅನ್ನಿಸಿದರೆ ಭಾಗವತರು ತಾಳ ತಟ್ಟಿ ಮುಂದಿನ ಪದ ಎತ್ತಿಬಿಡುತ್ತಾರೆ, ಅಲ್ಲಿಗೆ ಮುಗಿಯಿತು. ಮೊಬೈಲಿನ ಸರಣಿಗೆ ಭಾಗವತರಿಲ್ಲ. 2021ರ ನಿಯಮದಂತೆ ನಮ್ಮಲ್ಲಿ ವಯಸ್ಸಿನ ಗುರುತು ಹಾಕಬೇಕು, ಮಕ್ಕಳಿಗೆ ತೆರೆಯದಂತೆ ಬೀಗವೂ ಇರಬೇಕು. ಅದು ಬಾಗಿಲು ಕಾಯುತ್ತದೆ ಅಷ್ಟೇ. ಒಳಗಿನ ನಗೆಯ ಹದ ಬರೆಯುವವರ ಕೈಯಲ್ಲೇ ಇದೆ, ಅಲ್ವಾ?

ಸರಣಿ ಮಾಡಿದವರು ಟೀಕೆ ಕೇಳಿಸಿಕೊಂಡರು. 2021ರ ಜನವರಿಯಲ್ಲಿ ಎರಡನೆಯದು ಬಂತು, 8 ಕಂತು. ಈ ಸಲ ಆ ಲೋಕ ಬಲ್ಲವರನ್ನು ಸಲಹೆಗೆ ಇಟ್ಟುಕೊಂಡಿದ್ದರು. ಕತೆಯಲ್ಲೂ ಟಿಫ್ ಮತ್ತು ಪೀಟ್ ಮತ್ತೆ ಪಾಠಕ್ಕೆ ಕೂರುತ್ತಾರೆ, ಒಪ್ಪಿಗೆ ಕೇಳುವುದನ್ನು ಮೊದಲಿನಿಂದ ಕಲಿಯುತ್ತಾರೆ. ನಗು ಕಡಿಮೆಯಾಗಿಲ್ಲ.

ನೋಡುವುದಾದರೆ ಮೊದಲನೆಯದಕ್ಕೇ ನಿಲ್ಲಿಸಬೇಡಿ. ಎರಡನೆಯದನ್ನೂ ನೋಡಿ, ಆಮೇಲೆ ನಿಮಗೆ ಹೇಗನ್ನಿಸಿತು ಅಂತ ಬರೆದು ಕಳಿಸಿ. ನಮಸ್ಕಾರ.