ಮಗುವಿನ ಮಲಬದ್ಧತೆಗೆ ಪ್ರೋಬಯಾಟಿಕ್ ಪುಡಿ ಸಾಕೇ?

ಕೇಳುಗರಿಗೆ ನಮಸ್ಕಾರ.

"ನಾಲ್ಕು ದಿನ ಆಯ್ತು, ಮಗು ಎರಡಕ್ಕೆ ಹೋಗಿಲ್ಲ. ಆವತ್ತು ಭೇದಿಗೆ ಕೊಟ್ಟಿದ್ರಲ್ಲ, ಆ ಪುಡಿನೇ ಕೊಡಿ." ದಾವಣಗೆರೆಯ ಔಷಧಿ ಅಂಗಡಿಗಳಿಗೆ ಈ ಮಾತು ಹೊಸದಲ್ಲ. ಆ ಪುಡಿಯೇ ಪ್ರೋಬಯಾಟಿಕ್, ಅಂದರೆ ಕರುಳಿಗೆ ಹಿತವಾದ ಜೀವಂತ ಸೂಕ್ಷ್ಮಾಣುಗಳು. 2022ರಲ್ಲಿ ಕಾಕ್ರೇನ್ ಸಂಸ್ಥೆ ಅದುವರೆಗಿನ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಮಕ್ಕಳ ಮಲಬದ್ಧತೆಗೆ ಇದು ನಾಟುತ್ತದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಮೊಸರು, ಮಜ್ಜಿಗೆ ಧಾರಾಳವಾಗಿ ಕೊಡಿ, ಊಟವಾಗಿ. ಮದ್ದೆಂದು ನೆಚ್ಚಿಕೊಂಡು ಕೂರಬೇಡಿ.

ತೊಡಕು ಇರುವುದು ಬೇರೆ ಕಡೆ. ಒಮ್ಮೆ ಗಟ್ಟಿ ಮಲ ಹೋಗುವಾಗ ನೋವಾದರೆ ಮಗು ಮುಂದಿನ ಸಲ ತಡೆಹಿಡಿಯುತ್ತದೆ. ಬಾಗಿಲ ಸಂದಿಯಲ್ಲಿ ತುದಿಗಾಲ ಮೇಲೆ ನಿಂತು, ಕಾಲಿಗೆ ಕಾಲು ಹೆಣೆದು, ಮುಖ ಕೆಂಪಗೆ ಮಾಡಿಕೊಳ್ಳುತ್ತದೆ. ಮುಕ್ಕರಿಯುತ್ತಿದೆ ಎಂದು ಮನೆಯವರು ತಿಳಿಯುತ್ತಾರೆ, ಅದು ಬಿಗಿಹಿಡಿಯುತ್ತಿರುತ್ತದೆ. ಒಳಗೆ ನಿಂತ ಮಲದಿಂದ ಕರುಳು ನೀರು ಹೀರುತ್ತಲೇ ಇರುತ್ತದೆ, ಮಲ ಕಲ್ಲಾಗುತ್ತದೆ. ಗುದನಾಳ ಹಿಗ್ಗಿ, ಹೋಗಬೇಕೆಂಬ ಅರಿವೇ ಮಂಕಾಗುತ್ತದೆ. ಆ ಗಟ್ಟಿಯ ಪಕ್ಕದಿಂದ ತೆಳು ಮಲ ಸೋರಿ ಚಡ್ಡಿ ಕೊಳೆಯಾದರೆ, ಅದನ್ನು ಭೇದಿಯೆಂದುಕೊಂಡು ಮಲ ಸಡಿಲಿಸುವ ಔಷಧವನ್ನೇ ನಿಲ್ಲಿಸುವವರಿದ್ದಾರೆ. ಎಡವುವುದು ಇಲ್ಲೇ.

ವೈದ್ಯರು ಮೊದಲು ಬರೆಯುವುದು ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಅದು ನೀರನ್ನು ಮಲದಲ್ಲೇ ಹಿಡಿದಿಡುತ್ತದೆ. ಕಟ್ಟಿಕೊಂಡಿದ್ದನ್ನು ಬಿಡಿಸಲು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ, ಮೂರರಿಂದ ಆರು ದಿನ. ಆಮೇಲೆ ಕಿಲೋಗೆ 0.2ರಿಂದ 0.8 ಗ್ರಾಂ, 15 ಕಿಲೋ ಮಗುವಿಗೆ ದಿನಕ್ಕೆ ಆರು ಗ್ರಾಂ ಎಂದಿಟ್ಟುಕೊಳ್ಳಿ. ಪ್ರಮಾಣ ವೈದ್ಯರೇ ಹೇಳಬೇಕು. ಕನಿಷ್ಠ ಎರಡು ತಿಂಗಳು ಕೊಡಬೇಕು, ತೊಂದರೆ ಪೂರ್ತಿ ಹೋಗಿ ಒಂದು ತಿಂಗಳಾದ ಮೇಲೆ ಮೆಲ್ಲಗೆ ಇಳಿಸಬೇಕು. ವಾರಕ್ಕೇ ಬಿಟ್ಟರೆ ಮತ್ತೆ ಮೊದಲಿನ ಕತೆ.

ಊಟದ ಬೆನ್ನಿಗೇ ಕರುಳು ಚುರುಕಾಗುತ್ತದೆ. ಆಗ ಐದರಿಂದ ಹತ್ತು ನಿಮಿಷ ಕೂರಿಸಿ, ಗದರಬೇಡಿ. ಕಮೋಡಾದರೆ ಪಾದದಡಿ ಮಣೆ ಇಡಿ. ಶಾಲೆಯ ಕಕ್ಕಸಕ್ಕೆ ಹೆದರಿ ತಡೆಯುವ ಮಕ್ಕಳು ಬಹಳ. ಬೆಳಗಿನ ತಿಂಡಿಯನ್ನು ಅರ್ಧ ಗಂಟೆ ಮುಂಚೆ ಮಾಡಿದರೆ ಮನೆಯಲ್ಲೇ ಮುಗಿಯುತ್ತದೆ.

ಹಾಲು ಅರ್ಧ ಲೀಟರ್ ಮೀರಿದರೆ ಅನ್ನ-ಪಲ್ಯಕ್ಕೆ ಹಸಿವಿರುವುದಿಲ್ಲ. ನಮ್ಮೂರ ಮಂಡಕ್ಕಿ ಹೊಟ್ಟೆ ತುಂಬಿಸುತ್ತದೆ, ನಾರಿನಂಶ ಅಷ್ಟಕ್ಕಷ್ಟೆ. ಪೇರಲ, ನವಣೆ, ಹೆಸರುಕಾಳು ಕೊಡಿ, ಜೊತೆಗೆ ನೀರು. ನೀರಿಲ್ಲದೆ ಇಸಬ್ಗೋಲ್ ಕೊಟ್ಟರೆ ಇನ್ನಷ್ಟು ಕಟ್ಟುತ್ತದೆ. ಗುದದಲ್ಲಿ ಸೋಪಿನ ಚೂರು ಇಡುವುದಂತೂ ಬೇಡ, ಒಳಪೊರೆ ಉರಿಯುತ್ತದೆ.

ಹುಟ್ಟಿದ 48 ಗಂಟೆಯೊಳಗೆ ಕಪ್ಪು ಮಲ ಹೋಗದಿದ್ದರೆ, ಹಸಿರು ವಾಂತಿಯಾದರೆ, ಹೊಟ್ಟೆ ಬಿಗಿದು ಉಬ್ಬಿದರೆ ಈ ಉಪಾಯ ಯಾವುದೂ ಸಲ್ಲದು. ಮಗುವನ್ನು ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತೂಕ ಏರದ ಮಗುವನ್ನೂ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.