ನಕ್ಷೆಯ ಬಣ್ಣ, ಬಾವಿಯ ನೀರು

ಕೇಳುಗರಿಗೆ ನಮಸ್ಕಾರ.

ನಮ್ಮ ಉತ್ತರ ಕನ್ನಡದ ಕಡೆಯ ಪತ್ರಿಕೆಗಳ ಒಳಪುಟಗಳಲ್ಲಿ ಆಗಾಗ ಒಂದು ಸಣ್ಣ ಪ್ರಕಟಣೆ ಬರುತ್ತದೆ. ಇಂಥ ಗ್ರಾಮದ ಇಂಥ ಸರ್ವೇ ನಂಬರಿನ ಇಷ್ಟು ಗುಂಟೆ ಜಾಗವನ್ನು ಕೃಷಿ ವಲಯದಿಂದ ವಾಸದ ವಲಯಕ್ಕೆ ಬದಲಿಸಲು ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದವರು ಲಿಖಿತವಾಗಿ ಸಲ್ಲಿಸಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಅಡಿಕೆ ಧಾರಣೆ ನೋಡುವವರು, ಊರ ಸುದ್ದಿ ಹುಡುಕುವವರು ಅದನ್ನು ದಾಟಿ ಮುಂದೆ ಹೋಗುತ್ತಾರೆ. ಅದು ತಮ್ಮ ಮನೆಯ ಹಿಂದಿನ ಗುಡ್ಡದ ವಿಷಯ ಎಂದು ನೆರೆಯವರಿಗೆ ತಿಳಿಯುವುದು ಜೆಸಿಬಿ ಬಂದು ನಿಂತ ಮೇಲೆ. ಆ ನಾಲ್ಕು ಸಾಲಿನಲ್ಲಿ ನೀರಿನ ಸುದ್ದಿಯೇ ಇರುವುದಿಲ್ಲ. ಆದರೆ ಗುಡ್ಡದ ಬುಡದ ಕೇರಿಯ ಬಾವಿಗಳಲ್ಲಿ ಮುಂದಿನ ತಲೆಮಾರಿಗೆ ನೀರು ಉಳಿಯುತ್ತದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ. ಭೂಮಿಯ ಬಳಕೆಯ ಬಗ್ಗೆ ಕಚೇರಿಯಲ್ಲಿ ಆಗುವ ಪ್ರತಿಯೊಂದು ನಿರ್ಧಾರವೂ ನೀರಿನ ಬಗ್ಗೆ ಆಗುವ ನಿರ್ಧಾರ. ಇಂದು ನನಗೆ ಹೇಳಬೇಕಾಗಿರುವುದು ಇಷ್ಟೇ, ಆದರೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಲೆಕ್ಕ ಹಾಕಿದರೆ, ಒಂದು ಎಕರೆಯ ಮೇಲೆ ಬೀಳುವ ನೀರು ಒಂದು ಕೋಟಿ ಇಪ್ಪತ್ತು ಲಕ್ಷ ಲೀಟರ್. ಇಷ್ಟು ಸುರಿದ ನಾಡಿನಲ್ಲಿ ಏಪ್ರಿಲ್ ಮುಗಿಯುವ ಹೊತ್ತಿಗೆ ಟ್ಯಾಂಕರ್ ಬೇಕಾಗುತ್ತದೆ ಎಂದರೆ ಬಯಲುಸೀಮೆಯವರು ನಂಬುವುದಿಲ್ಲ. ಕಾರಣ ನಮ್ಮ ನೆಲದ ರಚನೆಯಲ್ಲಿದೆ. ಮೇಲೆ ಚಿರೇಕಲ್ಲು. ಅದರ ಮೈತುಂಬ ತೂತು, ಬಿರುಕು, ಸಂದು. ಬಿದ್ದ ಮಳೆಯನ್ನು ತಡವಿಲ್ಲದೆ ಒಳಗೆ ಎಳೆದುಕೊಳ್ಳುತ್ತದೆ. ಅದರ ಕೆಳಗೆ ಬಿಳಿ, ನಸುಗೆಂಪು ಬಣ್ಣದ ನುಣುಪಾದ ಶೇಡಿಮಣ್ಣು. ಅದು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹಾಗಾಗಿ ಚಿರೇಕಲ್ಲಿಗೆ ಇಳಿದ ನೀರು ಶೇಡಿಯ ಮೇಲೆ ನಿಂತು, ನಿಧಾನಕ್ಕೆ ಓರೆಯಾಗಿ ಹರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ, ಕೆರೆಯಾಗಿ, ತೋಟದ ತಲೆಯ ಅಬ್ಬಿಯಾಗಿ ಹೊರಬರುತ್ತದೆ. ಅಜ್ಜಂದಿರು ಬಾವಿ ತೋಡಿದ್ದು ಈ ದಾರಿಯನ್ನು ನೋಡಿಯೇ. ಮೇಲಿನ ಬೆಟ್ಟ, ಹುಲ್ಲು ಬೆಳೆಯುವ ಬ್ಯಾಣಗಳಲ್ಲಿ ಮನೆ ಕಟ್ಟದೆ, ಬುಡದಲ್ಲಿ ಮನೆ, ಅದರ ಕೆಳಗೆ ತೋಟ, ಗದ್ದೆ ಎಂದು ಊರನ್ನು ಹೊಂದಿಸಿಕೊಂಡದ್ದೂ ಹಾಗೆಯೇ. ಕಾಗದದಲ್ಲಿ ಬರೆಯದ ಒಂದು ಯೋಜನೆ ಅದು, ಮತ್ತು ಒಳ್ಳೆಯ ಯೋಜನೆ.

ಈಗ ಆ ಗುಡ್ಡವನ್ನು ನಿವೇಶನಕ್ಕಾಗಿ ಮೆಟ್ಟಿಲು ಮೆಟ್ಟಿಲಾಗಿ ಕಡಿಯುವಾಗ ಏನಾಗುತ್ತದೆ ಎಂದು ಹತ್ತಿರ ನಿಂತು ನೋಡಿ. ಕಡಿದ ಗೋಡೆಯ ಮೇಲಿನ ಭಾಗ ಕೆಂಪು, ಕೆಳಗಿನ ಭಾಗ ಬಿಳಿ. ಆ ಎರಡು ಬಣ್ಣ ಸೇರುವ ಗೆರೆಯಲ್ಲಿ ಸದಾ ಒದ್ದೆ. ಜುಲೈ ತಿಂಗಳಲ್ಲಿ ಅಲ್ಲಿಂದ ನೀರು ಧಾರೆಯಾಗಿ ಇಳಿಯುತ್ತದೆ. ನೋಡಿದವರು ಮಳೆನೀರು ಎಂದುಕೊಳ್ಳುತ್ತಾರೆ. ಅದು ಮಾರ್ಚ್‌ವರೆಗೆ ಗುಡ್ಡದ ಒಳಗೆ ಇದ್ದು ಕೆಳಗಿನ ಬಾವಿಗೆ ಸೇರಬೇಕಾಗಿದ್ದ ನೀರು. ಕಡಿದ ಜಾಗದಿಂದ ಚರಂಡಿಗೆ, ಚರಂಡಿಯಿಂದ ಹೊಳೆಗೆ, ಹೊಳೆಯಿಂದ ಸಮುದ್ರಕ್ಕೆ ವಾರದೊಳಗೆ ಹೋಗಿಬಿಡುತ್ತದೆ. ಚಿರೇಕಲ್ಲಿನ ಕ್ವಾರಿಯನ್ನು ಶೇಡಿ ಕಾಣುವವರೆಗೆ ಅಗೆದು ಹಾಗೆಯೇ ಬಿಟ್ಟಾಗಲೂ ಇದೇ ಕತೆ: ನೀರು ಹಿಡಿದಿಡುತ್ತಿದ್ದ ಪದರವೇ ಲಾರಿ ಹತ್ತಿ ಹೋಗಿರುತ್ತದೆ.

ಸಮುದ್ರದ ಬದಿಯ ಊರುಗಳಲ್ಲಿ ಇದಕ್ಕೆ ಇನ್ನೊಂದು ಅಪಾಯ ಸೇರುತ್ತದೆ. ಉಪ್ಪುನೀರು ಸಿಹಿನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಭಾರ. ಹಾಗಾಗಿ ಮರಳುನೆಲದ ಕೆಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಹಾಲೆಂಡಿನ ಗೈಬೆನ್, ಜರ್ಮನಿಯ ಹೆರ್ಜ್‌ಬರ್ಗ್ ಎಂಬವರು ನೂರು ವರ್ಷಕ್ಕೂ ಹಿಂದೆ ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕ ಹೀಗಿದೆ: ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ. ಇದನ್ನು ತಿರುಗಿಸಿ ಓದಿದರೆ ಎದೆ ಝಲ್ಲೆನ್ನುತ್ತದೆ. ಪಂಪ್ ಇಟ್ಟು ಒಂದು ಅಡಿ ಮಟ್ಟವನ್ನು ಇಳಿಸಿದರೆ, ಕೆಳಗಿನಿಂದ ಉಪ್ಪು ಕಾಲಕ್ರಮದಲ್ಲಿ ನಲವತ್ತು ಅಡಿ ಮೇಲೇರಬಹುದು. ಇದು ಮೊದಲು ತಿಳಿಯುವುದು ಅಡುಗೆಮನೆಯಲ್ಲಿ. ಬೇಳೆ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಗಂಜಿಗೆ ಉಪ್ಪು ಹಾಕುವ ಮೊದಲೇ ಸಪ್ಪೆ ಹೋಗಿರುತ್ತದೆ. ಒಮ್ಮೆ ಉಪ್ಪೇರಿದ ಬಾವಿ ಒಂದು ಮಳೆಗಾಲಕ್ಕೆ ಸರಿಹೋಗುವುದಿಲ್ಲ, ಎಷ್ಟೋ ಕಡೆ ವರ್ಷಗಳೇ ಹಿಡಿಯುತ್ತವೆ.

ಈ ಕಾರಣಕ್ಕೇ 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತ್ತು. ಭರತರೇಖೆಯಿಂದ, ಅಂದರೆ ಭರತದ ನೀರು ಮುಟ್ಟುವ ಗೆರೆಯಿಂದ, 200 ಮೀಟರ್ ಒಳಗೆ ಸ್ಥಳೀಯರು ತಮ್ಮ ಬಳಕೆಗೆ ಹೊರತು ಅಂತರ್ಜಲ ಎತ್ತುವಂತಿಲ್ಲ. 200ರಿಂದ 500 ಮೀಟರ್ ನಡುವೆ ಬೇರೆ ನೀರಿನ ಮೂಲ ಇಲ್ಲದಿದ್ದರೆ ಮಾತ್ರ, ಸಾಮಾನ್ಯ ಬಾವಿಯಿಂದ, ಕೈಯಿಂದ ಎತ್ತಿ, ಕುಡಿಯಲು, ತೋಟಕ್ಕೆ, ಬೇಸಾಯಕ್ಕೆ, ಮೀನುಗಾರಿಕೆಗೆ ಬಳಸಬಹುದು. ಮೀನುಗಾರರ ಕೇರಿಯ ನೀರಿಗೆ ಮೊದಲ ಹಕ್ಕು ಕೊಟ್ಟ ನಿಯಮ ಅದು. ಗೋಕರ್ಣದಿಂದ ಮುರ್ಡೇಶ್ವರದವರೆಗೆ ಸಮುದ್ರದಂಡೆಯಲ್ಲಿ ಪ್ರವಾಸಿಗರಿಗಾಗಿ ಕೋಣೆಗಳು ಏಳುತ್ತಲೇ ಇವೆ. ಪ್ರವಾಸೋದ್ಯಮ ಬೇಡ ಎಂದು ನಾನು ಹೇಳುವುದಿಲ್ಲ, ಅದರಿಂದ ಬದುಕುವ ಮನೆಗಳು ನೂರಾರು ಇವೆ. ಆದರೆ ಕಟ್ಟಡಕ್ಕೆ ಪರವಾನಿಗೆ ಕೊಡುವಾಗ ಇಪ್ಪತ್ತು ಕೋಣೆಗಳಿಗೆ ಮೇ ತಿಂಗಳಲ್ಲಿ ನೀರು ಎಲ್ಲಿಂದ ಎಂಬ ಒಂದು ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಕಡತದಲ್ಲಿ ಬರೆದಿಡಬೇಕು. ಉಳಿದೆಲ್ಲ ಪ್ರಶ್ನೆಗಳಿಗಿಂತ ಅದು ದೊಡ್ಡದು.

ಗಜನಿಯ, ಅಂದರೆ ಭರತದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ, ಅನುಭವ ನಮ್ಮೆದುರಿಗೇ ಇದೆ. ಅಘನಾಶಿನಿಯ ಅಳಿವೆಯ ಗಜನಿಗಳಲ್ಲಿ ಒಡ್ಡು ಕಟ್ಟಿ, ನೀರು ಬಿಡುವ, ತಡೆಯುವ ಜಂತ್ರಡಿ ಇಟ್ಟು, ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಿದ್ದರು. ಕುಮಟಾದ ಮಾಣಿಕಟ್ಟಾದಲ್ಲಿ ಈಗಲೂ ಆ ಭತ್ತ ಉಳಿದಿದೆ. ಉಪ್ಪುನೀರು ಎಲ್ಲಿಯವರೆಗೆ ಬರಬೇಕು, ಯಾವಾಗ ಬರಬೇಕು ಎಂಬುದನ್ನು ಊರೇ ನಿರ್ಧರಿಸುತ್ತಿದ್ದ ಪದ್ಧತಿ ಅದು. ಅಂಥ ನೆಲ ವರ್ಷವಿಡೀ ಉಪ್ಪುನೀರು ನಿಲ್ಲುವ ಸಿಗಡಿ ಹೊಂಡವಾದರೆ ಪಕ್ಕದ ಬಾವಿಯ ಗತಿ ಏನು? ದೇಶದ ಹಲವು ಕರಾವಳಿಗಳಿಂದ ಬಂದ ಈ ದೂರನ್ನು ಕೇಳಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಕೃಷಿಭೂಮಿ, ಉಪ್ಪಿನ ಆಗರ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡುಗಳನ್ನು ಸಿಗಡಿ ಹೊಂಡ ಮಾಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿದೆ. ಗೌರವ ಬಂದದ್ದು ಸಂತೋಷ. ದಂಡೆಯ ಪಂಚಾಯತಗಳ ಪರವಾನಿಗೆ ಪುಸ್ತಕದಲ್ಲಿಯೂ ಅದು ಕಾಣಬೇಕು.

ಹಾಗಾದರೆ ನಿರ್ಧಾರ ಮಾಡುವವರು ಯಾರು? ಪಟ್ಟಣ ಮತ್ತು ಅದರ ಸುತ್ತಲಿನ ಹಳ್ಳಿಗಳಿಗೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್, ಇರುತ್ತದೆ. ಅದರ ನಕ್ಷೆಯಲ್ಲಿ ವಾಸಕ್ಕೆ ಹಳದಿ, ಕೈಗಾರಿಕೆಗೆ ನೇರಳೆ, ಕೃಷಿಗೆ ತಿಳಿಹಸಿರು. ನೆಲದ ಕೆಳಗಿನ ನೀರಿಗೆ, ನೀರು ಇಂಗುವ ಗುಡ್ಡಕ್ಕೆ ಬಣ್ಣವಿಲ್ಲ. ಬಿನ್‌ಶೇತ್ಕಿ ಮಾಡುವ, ಅಂದರೆ ಕೃಷಿಭೂಮಿಯನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸುವ ಅಧಿಕಾರ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳದು. ಆದರೆ ನಕ್ಷೆಯಲ್ಲಿ ಒಮ್ಮೆ ಹಳದಿ ಬಿದ್ದ ಜಾಗಕ್ಕೆ ಪರಿವರ್ತನೆ ಪಡೆಯುವುದು ಕಷ್ಟದ ಕೆಲಸವಲ್ಲ. ಅಂದರೆ ಹೋರಾಟ ಮಾಡಬೇಕಾದದ್ದು ಬಣ್ಣ ಬಳಿಯುವ ಹೊತ್ತಿಗೆ. ಕರಡು ಮಹಾಯೋಜನೆ ಪ್ರಕಟವಾದ ಮೇಲೆ ಸಾರ್ವಜನಿಕರ ಅಭಿಪ್ರಾಯಕ್ಕೆ ಅರವತ್ತು ದಿನ ಕೊಡುತ್ತಾರೆ. ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಯೋಜನೆ ಪರಿಷ್ಕರಣೆಯಾಗಬೇಕು. ಈ ಅರವತ್ತು ದಿನ ಕೈತಪ್ಪಿದರೆ ಮುಂದೆ ಹತ್ತು ವರ್ಷ ಆ ನಕ್ಷೆಯೇ ಗಟ್ಟಿ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾಗಿದೆ; ಹಾಗಾಗಿ ಗುಡ್ಡದ ಮೇಲಿನ ಒತ್ತಡ ಮೊದಲಿಗಿಂತ ಹೆಚ್ಚು.

ಅಂತರ್ಜಲಕ್ಕೆ ಬೇರೆ ಕಾನೂನುಗಳಿವೆ. 1999ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ, ಕೊಳವೆಬಾವಿಯೂ ಅದರಲ್ಲಿ ಸೇರಿದೆ. ನಿಮ್ಮ ಊರಿನ ನಳದ ನೀರಿನ ಬಾವಿಯ ಹತ್ತಿರ ಬೋರ್ ಕೊರೆಯುವ ಲಾರಿ ಬಂದರೆ ಈ ಕಾಯ್ದೆ ನೆನಪಿರಲಿ. 2011ರ ಕಾಯ್ದೆಯಿಂದ ಅಂತರ್ಜಲ ಪ್ರಾಧಿಕಾರ ಬಂದಿತು. ಆದರೆ ಅದರ ಬಿಗಿ ಇರುವುದು ಹೆಚ್ಚಾಗಿ ಅಧಿಸೂಚಿತ ತಾಲೂಕುಗಳಲ್ಲಿ. ನಮ್ಮ ಜಿಲ್ಲೆಯ ತಾಲೂಕುಗಳು ಹೆಚ್ಚಾಗಿ ಸುರಕ್ಷಿತ ವರ್ಗದಲ್ಲಿ ಬರುತ್ತವೆ. ವರ್ಷದಲ್ಲಿ ತೆಗೆಯಬಹುದಾದ ನೀರಿನ ಶೇಕಡಾ 70ಕ್ಕಿಂತ ಹೆಚ್ಚು ಎತ್ತದಿದ್ದರೆ ಆ ವರ್ಗ. ಲೆಕ್ಕ ತಪ್ಪಲ್ಲ. ಆದರೆ ಅದು ಇಡೀ ತಾಲೂಕಿನ, ಇಡೀ ವರ್ಷದ ಲೆಕ್ಕ. ಘಟ್ಟದ ಕಾಡಿನ ನೀರು, ದಂಡೆಯ ಕೇರಿಯ ನೀರು ಎರಡೂ ಒಂದೇ ಸಾಲಿನಲ್ಲಿ ಕೂಡಿ ಹೋಗುತ್ತವೆ. ಮೇ ತಿಂಗಳ ಎರಡನೇ ವಾರದಲ್ಲಿ ಒಂದು ಕೇರಿಯ ಹತ್ತು ಬಾವಿ ಬತ್ತಿದ್ದು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಇದನ್ನು ತೋರಿಸಿ ಯಾರಾದರೂ ಇಲ್ಲಿ ನೀರಿಗೆ ತೊಂದರೆಯಿಲ್ಲ ಎಂದು ಷರಾ ಬರೆದರೆ ನಾವು ಒಪ್ಪಿಕೊಳ್ಳಬಾರದು.

ಕಚೇರಿಯ ನಿಯಮ ಬಾವಿಯ ಬುಡಕ್ಕೆ ಬಂದಾಗ ಹೇಗಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಕುಡಿಯುವ ನೀರಿನ ಬಾವಿಗೂ ಶೌಚದ ಇಂಗುಗುಂಡಿಗೂ ನಡುವೆ 18 ಮೀಟರ್ ಅಂತರ ಇರಬೇಕು ಎಂಬುದು ಭಾರತೀಯ ಮಾನಕ. ಅಡಿಯಲ್ಲಿ 59. ನಮ್ಮಲ್ಲಿ ಮಾರಾಟವಾಗುವ ಮೂರು ಗುಂಟೆಯ ಚೌಕ ಜಾಗದ ಒಂದು ಬದಿ 57 ಅಡಿ. ಬಾವಿ ಒಂದು ಮೂಲೆಗೆ, ಗುಂಡಿ ಎದುರು ಮೂಲೆಗೆ ಇಟ್ಟರೆ ನಿಮ್ಮ ಜಾಗದ ಮಟ್ಟಿಗೆ ನಿಯಮ ಪಾಲನೆಯಾಯಿತು. ಆದರೆ ಪಕ್ಕದವರೂ ವಾಸ್ತು ನೋಡಿ ತಮ್ಮ ಗುಂಡಿಯನ್ನು ನಿಮ್ಮ ಬಾವಿಯ ಬೇಲಿಯಾಚೆಗೇ ತೋಡಿದರೆ? ಮೂವತ್ತು ನಿವೇಶನದ ಬಡಾವಣೆಯಲ್ಲಿ ಮೂವತ್ತು ಬಾವಿ, ಮೂವತ್ತು ಗುಂಡಿ. ಚಿರೇಕಲ್ಲಿನ ಸಂದುಗಳಲ್ಲಿ ಕೊಳಚೆ ಸೋಸುವ ಮೊದಲೇ ಹರಿದು ಹೋಗುತ್ತದೆ. ಮನೆ ಕಟ್ಟುವವರನ್ನು ದೂರಿ ಫಲವಿಲ್ಲ, ಅವರಿಗೆ ಸಿಕ್ಕಿದ್ದೇ ಅಷ್ಟು ಜಾಗ. ಇದನ್ನು ಸರಿಪಡಿಸಬಹುದಾದ ಒಂದೇ ಗಳಿಗೆಯೆಂದರೆ ಬಡಾವಣೆಯ ನಕ್ಷೆಗೆ ಮಂಜೂರಾತಿ ಕೊಡುವ ಗಳಿಗೆ. ರಸ್ತೆಯ ಅಗಲ, ಉದ್ಯಾನದ ಜಾಗ ಗುರುತಿಸುವಂತೆ ಎಲ್ಲರಿಗೂ ಸೇರಿ ಒಂದು ಕಾಯ್ದಿಟ್ಟ ಬಾವಿ, ಇಳಿಜಾರಿನ ಕೆಳಬದಿಗೆ ಒಟ್ಟಾದ ಕೊಳಚೆ ವ್ಯವಸ್ಥೆ, ಪ್ರತಿ ಛಾವಣಿಯ ನೀರು ಇಂಗಲು ಸ್ಥಳ, ಇವನ್ನು ನಕ್ಷೆಯಲ್ಲಿಯೇ ಬರೆಸಬೇಕು. ಒಂದು ಗುಂಟೆಯ ಛಾವಣಿಗೆ ನಮ್ಮ ಮಳೆ ಮೂರು ಲಕ್ಷ ಲೀಟರ್ ಕೊಡುತ್ತದೆ.

ಘಟ್ಟದ ಮೇಲೆ ಶಿರಸಿಯಲ್ಲಿ ಕೆಂಗ್ರೆ, ಮಾರಿಗದ್ದೆಗಳಿಂದ ನೀರು ತಂದರೂ ಬೇಸಿಗೆಯ ಆತಂಕ ತಪ್ಪಿಲ್ಲ. ಅಲ್ಲಿನ ನಾಗರಿಕರೇ ಮುಂದೆ ಬಂದು ಕೆರೆಗಳ ಹೂಳೆತ್ತಿದ್ದು ಜಿಲ್ಲೆಗೆಲ್ಲ ಮಾದರಿ. ಆದರೆ ಕೆರೆಗೆ ನೀರು ತರುವ ಕಾಲುವೆ, ಇಳಿಜಾರು ಬಡಾವಣೆಯ ಪಾಲಾದರೆ ಹೂಳೆತ್ತಿದ ಶ್ರಮವೂ ದಕ್ಕುವುದಿಲ್ಲ. ಕೆರೆಯ ಜಾಗವನ್ನು ನಿವೇಶನಕ್ಕೆ ಹಂಚುವಂತಿಲ್ಲ ಎಂದು ಹಿಂಚ್ ಲಾಲ್ ತಿವಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿಯೇ ಹೇಳಿದೆ. ಕೆರೆಗೆ ನೀರು ಬರುವ ದಾರಿಗೂ ಅಷ್ಟೇ ರಕ್ಷಣೆ ಬೇಕು.

ಗ್ರಾಮ ಪಂಚಾಯತ ಸದಸ್ಯರಲ್ಲಿ ನನ್ನ ವಿನಂತಿ ಇದು. ಮೇ ತಿಂಗಳ ನಡುವೆ ಒಮ್ಮೆ, ನವೆಂಬರ್ ಕೊನೆಗೆ ಒಮ್ಮೆ ನಿಮ್ಮ ವಾರ್ಡಿನ ಬಾವಿಗಳ ನೀರಿನ ಮಟ್ಟವನ್ನು ಬಾವಿಕಟ್ಟೆಯಿಂದ ಟೇಪು ಬಿಟ್ಟು ಅಳೆಸಿ. ಸರ್ವೇ ನಂಬರ್, ಆಳ, ಸಿಹಿಯೋ ಉಪ್ಪೋ ಎಂಬುದನ್ನು ಒಂದು ವಹಿಯಲ್ಲಿ ಬರೆಸಿಡಿ. ಪ್ರೌಢಶಾಲೆಯ ಮಕ್ಕಳು ಮಾಸ್ತರರ ಜೊತೆ ಒಂದೇ ದಿನದಲ್ಲಿ ಮಾಡಬಲ್ಲ ಕೆಲಸ. ಗುಡ್ಡದ ಮೇಲಿನ ಜಾಗದ ಅರ್ಜಿ ಬಂದಾಗ ಕೆಳಗಿನ ಬಾವಿಗಳ ಈ ವಹಿಯ ಪ್ರತಿಯನ್ನು ಆಕ್ಷೇಪಣೆಗೆ ಲಗತ್ತಿಸಿ. ಬರೀ ಬಾಯಿಮಾತಿನ ವಿರೋಧವನ್ನು ಕಚೇರಿ ತಳ್ಳಿಹಾಕಬಹುದು. ಐದು ವರ್ಷದ ಮೇ ತಿಂಗಳ ಅಳತೆಯನ್ನು ತಳ್ಳಿಹಾಕಲು ಕಾರಣ ಬರೆಯಬೇಕಾಗುತ್ತದೆ. ಬರೆದ ಕಾರಣವನ್ನು ಮೇಲಿನ ಅಧಿಕಾರಿಗಳ ಮುಂದೆ, ಬೇಕಾದರೆ ನ್ಯಾಯಾಲಯದ ಮುಂದೆ ಪ್ರಶ್ನಿಸಬಹುದು.

ಉಳಿದ ಕೇಳುಗರೂ ಮುಂದಿನ ಗ್ರಾಮಸಭೆಗೆ ಹೋಗಿ. ಹೆಂಗಸರು ತಪ್ಪದೆ ಹೋಗಬೇಕು, ಯಾವ ಬಾವಿಗೆ ಯಾವ ತಿಂಗಳು ಉಪ್ಪು ಬಂದಿತು ಎಂಬುದು ಅವರಿಗೆ ಗೊತ್ತಿರುವಷ್ಟು ಮತ್ತಾರಿಗೂ ಗೊತ್ತಿಲ್ಲ. ಬಾವಿಗಳ ವಹಿ ಇಡಬೇಕು, ಬಡಾವಣೆಗೆ ಒಪ್ಪಿಗೆ ಕೊಡುವ ಮೊದಲು ಅದನ್ನು ಸಭೆಯಲ್ಲಿ ಓದಬೇಕು ಎಂದು ಠರಾವು ಮಾಡಿಸಿ, ಅದು ನಡಾವಳಿಯಲ್ಲಿ ಬಂದಿದೆಯೇ ಎಂದು ನೋಡಿಯೇ ಸಹಿ ಹಾಕಿ.

ನಮಸ್ಕಾರ.