ಬಿಸಿಲಿಗೆ ಹೋಗದೆ ಬಿಸಿಲಿನ ಕಳೆ

ಕೇಳುಗರಿಗೆಲ್ಲ ನಮಸ್ಕಾರ.

ಸಮುದ್ರದ ದಡದಲ್ಲಿ ಕೆಲವು ದಿನ ಕಳೆದು ಬಂದವರ ಮುಖ ಗಮನಿಸಿದ್ದೀರಾ? ಹಣೆ, ಮೂಗಿನ ಮೇಲ್ಭಾಗ, ಕೆನ್ನೆಯ ಎತ್ತರ, ಇಷ್ಟು ಕಡೆ ಒಂದು ಬೆಚ್ಚನೆಯ ಬಣ್ಣ ಕೂತಿರುತ್ತದೆ. ಗದ್ದದ ಕೆಳಗೆ ಇರುವುದಿಲ್ಲ. ಕಿವಿಯ ಹಿಂದೆ ಇರುವುದಿಲ್ಲ. ಸೂರ್ಯ ಎಲ್ಲ ಕಡೆ ಒಂದೇ ಸಮ ಬಣ್ಣ ಹಚ್ಚುವುದಿಲ್ಲ. ಬಾಟಲಿಯಿಂದ ಆ ಕಳೆ ತರಲು ಹೊರಟವರು ಮರೆಯುವುದು ಇದನ್ನೇ. ಪಾದದಿಂದ ಹಣೆಯವರೆಗೆ ಒಂದೇ ಸಮ ಬಳಿದುಕೊಳ್ಳುತ್ತಾರೆ. ಆಮೇಲೆ ನೋಡಿದರೆ ಹೊಸದಾಗಿ ಬಣ್ಣ ಹೊಡೆಸಿದ ಗೋಡೆ!

ಇಷ್ಟೆಲ್ಲ ಕಷ್ಟ ಯಾಕೆ, ಬಿಸಿಲಲ್ಲೇ ಮಲಗಬಹುದಲ್ಲ ಅಂತ ಕೇಳಬಹುದು. ಬೇಡ. ಬಿಸಿಲಿಗೆ ಚರ್ಮ ಕಪ್ಪಾಗುವುದೇ ಪೆಟ್ಟು ಬಿದ್ದ ಗುರುತು. ಇನ್ನು ಟ್ಯಾನಿಂಗ್ ಬೆಡ್, ಅಂದರೆ ಒಳಗೆ ಮಲಗಿ ಕೃತಕ ಬೆಳಕಿನಿಂದ ಮೈ ಕಂದಾಗಿಸುವ ಯಂತ್ರ, ಅದರ ಮಾತಂತೂ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಅದನ್ನು ಕ್ಯಾನ್ಸರ್ ತರುವಂಥವುಗಳ ಪಟ್ಟಿಗೆ, ತಂಬಾಕು ಇರುವ ಪಟ್ಟಿಗೇ ಸೇರಿಸಿತು. ಮಾತ್ರೆ ನುಂಗಿ, ಮೂಗಿಗೆ ಸ್ಪ್ರೇ ಹೊಡೆದುಕೊಂಡು ಬಣ್ಣ ತರುತ್ತೇವೆ ಅನ್ನುವವರಿಂದಲೂ ದೂರ ಇರಿ. ಮೇಲಿಂದ ಹಚ್ಚುವುದೇ ಸರಿಯಾದ ದಾರಿ.

ಹೀಗೆ ಮೈಗೆ ಹಚ್ಚಿ ಬಿಸಿಲಿನ ಬಣ್ಣ ತರುವುದಕ್ಕೆ ಸೆಲ್ಫ್ ಟ್ಯಾನರ್ ಅನ್ನುತ್ತಾರೆ. ಅದರಲ್ಲಿ ಕೆಲಸ ಮಾಡುವುದು ಡೈಹೈಡ್ರಾಕ್ಸಿ ಅಸಿಟೋನ್. ಚಿಕ್ಕದಾಗಿ ಡಿಎಚ್‌ಎ ಅನ್ನುತ್ತಾರೆ. ಇದು ಒಂದು ಬಗೆಯ ಸಕ್ಕರೆ. ಇದರ ಗುಣ ಬೆಳಕಿಗೆ ಬಂದ ಕಥೆ ಸೊಗಸಾಗಿದೆ. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಈವಾ ವಿಟ್ಗೆನ್‌ಸ್ಟೈನ್ ಎಂಬ ಸಂಶೋಧಕಿ ಕಾಯಿಲೆಯ ಮಕ್ಕಳಿಗೆ ಇದನ್ನು ಕುಡಿಸಿ ನೋಡುತ್ತಿದ್ದರು. ಮಕ್ಕಳು ಉಗುಳಿದ್ದು, ಚೆಲ್ಲಿದ್ದು ಮೈಮೇಲೆ ಬಿತ್ತು. ಕೆಲವು ಗಂಟೆಗಳಲ್ಲಿ ಚರ್ಮ ಕಂದಾಯಿತು, ಬಟ್ಟೆ ಹಾಗೇ ಉಳಿಯಿತು. ಚರ್ಮದ ಹೊರಪದರದಲ್ಲಿರುವ ಪ್ರೋಟೀನಿನ ಜೊತೆ ಈ ಸಕ್ಕರೆ ಸೇರಿ ಬಣ್ಣ ಹುಟ್ಟುತ್ತದೆ. ಬ್ರೆಡ್ಡಿನ ಮೇಲ್ಮೈ ಕಂದಾಗುವುದೂ ಇದೇ ಕ್ರಿಯೆಯಿಂದ. ಟ್ಯಾನರ್ ಹಚ್ಚಿದ ಮೇಲೆ ಬಿಸ್ಕತ್ತಿನಂಥ ವಾಸನೆ ಬರುತ್ತದಲ್ಲ, ಅದರ ಮೂಲವೂ ಇಲ್ಲೇ.

ಇಷ್ಟು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಬಣ್ಣ ಹಿಡಿಯುವುದು ಸತ್ತ ಜೀವಕೋಶಗಳ ಹೊರಪದರಕ್ಕೆ. ಆ ಪದರ ಎಲ್ಲಿ ದಪ್ಪ, ಎಲ್ಲಿ ಒಣಕಲು, ಅಲ್ಲಿ ಬಣ್ಣ ಜಾಸ್ತಿ. ಮೊಣಕೈ, ಮಂಡಿ, ಕಣಕಾಲು, ಬೆರಳಿನ ಗೆಣ್ಣು. ಕಳ್ಳ ಸಿಕ್ಕಿಬೀಳುವುದು ಇಲ್ಲೇ! ಆದ್ದರಿಂದ ಹಿಂದಿನ ದಿನವೇ ಮೈಯನ್ನು ಮೆದುವಾಗಿ ಉಜ್ಜಿ ತೊಳೆಯಿರಿ. ಎಣ್ಣೆ ಅಂಶದ ಸ್ಕ್ರಬ್ ಬೇಡ, ಅದರ ಜಿಡ್ಡು ಉಳಿದರೆ ಬಣ್ಣ ಮಚ್ಚೆಮಚ್ಚೆಯಾಗಿ ಕೂರುತ್ತದೆ. ಕೂದಲು ತೆಗೆಯುವುದಿದ್ದರೂ ಹಿಂದಿನ ದಿನವೇ ಮುಗಿಸಿ. ಹಚ್ಚುವ ಹೊತ್ತಿಗೆ ಮೈ ಪೂರ್ತಿ ಒಣಗಿರಬೇಕು. ಈಗ ಹೇಳಿದ ಒರಟು ಜಾಗಗಳಿಗೆ ಮಾತ್ರ ಮೊದಲು ಸ್ವಲ್ಪ ಮಾಯಿಶ್ಚರೈಸರ್ ಸವರಿ.

ಹಚ್ಚಲು ಟ್ಯಾನಿಂಗ್ ಮಿಟ್ ಅನ್ನುವ ಕೈಗವಸು ಸಿಗುತ್ತದೆ. ಅದಕ್ಕೆ ಕೊಡುವ ದುಡ್ಡು ದಂಡವಲ್ಲ, ಬರಿಗೈಯಲ್ಲಿ ಹಚ್ಚಿದರೆ ಅಂಗೈ ಕಿತ್ತಳೆಯಾಗುತ್ತದೆ. ಕಾಲಿನಿಂದ ಶುರುಮಾಡಿ ಮೇಲೆ ಬನ್ನಿ. ಪಾದಕ್ಕೆ, ಕೈಯ ಹಿಂಭಾಗಕ್ಕೆ ಬೇರೆಯಾಗಿ ಹಾಕಬೇಡಿ. ಮಿಟ್‌ನಲ್ಲಿ ಉಳಿದಿದ್ದನ್ನು ಸುಮ್ನೆ ಹಾಗೆ ಎಳೆದುಬಿಡಿ, ಸಾಕು. ಹಚ್ಚಿದ ತಕ್ಷಣ ಕಾಣುವ ಕಂದು ನಿಜವಾದ ಬಣ್ಣವಲ್ಲ. ಎಲ್ಲಿ ಹಚ್ಚಿದೆ ಅಂತ ತಿಳಿಯಲಿ ಎಂದು ಕಂಪನಿಯವರು ಬೆರೆಸಿದ್ದು. ಮೊದಲ ಸ್ನಾನದಲ್ಲಿ ಅದು ಹರಿದು ಹೋಗುತ್ತದೆ, ಗಾಬರಿ ಬೀಳಬೇಡಿ. ನಿಜವಾದ ಬಣ್ಣ ಕೆಲವು ಗಂಟೆಗಳಲ್ಲಿ ಏರುತ್ತದೆ. ಅಷ್ಟು ಹೊತ್ತು ಸಡಿಲ ಬಟ್ಟೆ ಹಾಕಿಕೊಳ್ಳಿ, ಬೆವರದಂತೆ ನೋಡಿಕೊಳ್ಳಿ.

ಕಿತ್ತಳೆ ಬಣ್ಣಕ್ಕೆ ಎಲ್ಲರೂ ಹೆದರುತ್ತಾರೆ. ಹೆಚ್ಚಿನ ಸಲ ಕಾರಣ ಒಂದೇ, ಆಸೆ. ನಿಮ್ಮ ಬಣ್ಣಕ್ಕಿಂತ ಒಂದು ಹೆಜ್ಜೆ ಗಾಢವಾದರೆ ಕಳೆ, ಮೂರು ಹೆಜ್ಜೆಯಾದರೆ ವೇಷ. ದಿನಾ ಸ್ವಲ್ಪಸ್ವಲ್ಪವೇ ಬಣ್ಣ ಏರಿಸುವ ಗ್ರಾಜುಯಲ್ ಟ್ಯಾನರ್ ಲೋಷನ್ ಇದೆ. ಹೊಸಬರಿಗೆ ನಾನು ಹೇಳುವುದು ಅದನ್ನೇ. ಎಲ್ಲಿ ನಿಲ್ಲಿಸಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ. ಯಾವುದೇ ಆಗಲಿ, ಮೊದಲು ತೋಳಿನ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ.

ಎಣ್ಣೆಗೆಂಪು ಬಣ್ಣದವರಿಗೆ, ಕಪ್ಪು ಮೈಬಣ್ಣದವರಿಗೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ನನ್ನನ್ನು ಕೇಳಿದರೆ, ಮೈಬಣ್ಣ ಗಾಢವಾದಷ್ಟೂ ಟ್ಯಾನರ್‌ಗೆ ಕೆಲಸ ಕಡಿಮೆ, ಮೇಕಪ್‌ಗೆ ಜಾಸ್ತಿ. ಅವರಿಗೆ ಬೇಕಾದದ್ದು ಕಪ್ಪಾಗುವುದಲ್ಲ, ಬೆಚ್ಚಗಿನ ಹೊಳಪು. ತಾಮ್ರದ, ಇಟ್ಟಿಗೆಗೆಂಪಿನ ಛಾಯೆಗಳು ಅಲ್ಲಿ ಒಪ್ಪುತ್ತವೆ. ತಿಳಿ ಬೀಜ್ ಬಣ್ಣದ ಪೌಡರ್ ಹಚ್ಚಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ.

ಮುಖಕ್ಕೆ ಮೈಗೆ ಹಚ್ಚುವ ಟ್ಯಾನರ್ ಬೇಡ. ಮಾಯಿಶ್ಚರೈಸರ್‌ಗೆ ಬೆರೆಸುವ ಟ್ಯಾನಿಂಗ್ ಹನಿಗಳು ಬರುತ್ತವೆ. ಒಂದೆರಡು ಹನಿಯಿಂದ ಶುರುಮಾಡಿ. ಹುಬ್ಬು, ಹಣೆಯ ಕೂದಲಿನ ಅಂಚು, ಮೂಗಿನ ಪಕ್ಕದ ಮಡಿಕೆ, ಇಲ್ಲಿ ಕೈ ಹಗುರವಿರಲಿ. ಕಣ್ಣು, ತುಟಿಗೆ ತಾಗಬಾರದು. ಸ್ಪ್ರೇ ಆದರೆ ಅದರ ತುಂತುರು ಉಸಿರಿನ ಜೊತೆ ಒಳಗೆ ಹೋಗಬಾರದು. ರೆಟಿನಾಲ್ ಅಥವಾ ಆಸಿಡ್ ಇರುವ ಕ್ರೀಮ್ ಹಚ್ಚುವವರ ಮುಖದಲ್ಲಿ ಬಣ್ಣ ಬೇಗ ಮಾಸುತ್ತದೆ.

ಈಗ ಬ್ರಾಂಜರ್, ಅಂದರೆ ಮುಖಕ್ಕೆ ಬಿಸಿಲಿನ ಕಂದು ತರುವ ಮೇಕಪ್. ಇದನ್ನೂ ಕಾಂಟೂರನ್ನೂ ಒಂದೇ ಅಂದುಕೊಂಡವರು ಬಹಳ. ಕಾಂಟೂರ್ ನೆರಳು ಬರೆಯುತ್ತದೆ, ಅದಕ್ಕೆ ಬೂದು ಕಂದು ಬೇಕು, ಕೆನ್ನೆಯ ಮೂಳೆಯ ಕೆಳಗೆ ಬೇಕು. ಬ್ರಾಂಜರ್ ಬಿಸಿಲು ಬರೆಯುತ್ತದೆ. ಹಾಗಾಗಿ ಬಿಸಿಲು ಮೊದಲು ಬೀಳುವ ಕಡೆಗೇ ಅದು ಹೋಗಬೇಕು: ಹಣೆಯ ಮೇಲಂಚು, ಕೆನ್ನೆಯ ಎತ್ತರ, ಮೂಗು. ಹೊಳೆಯುವ ಕಣ ಇಲ್ಲದ್ದನ್ನೇ ಆರಿಸಿ. ಕ್ರೀಮ್ ರೂಪದ್ದು ಚರ್ಮದೊಳಗೆ ಕರಗಿದ ಹಾಗೆ ಕಾಣುತ್ತದೆ, ಪೌಡರ್ ಎದ್ದು ಕಾಣುತ್ತದೆ, ಎಣ್ಣೆ ಚರ್ಮದವರಿಗೆ ಮಾತ್ರ ಪೌಡರೇ ನಿಲ್ಲುವುದು. ನನಗಂತೂ ಬ್ರಾಂಜರ್‌ಗಿಂತ ಬ್ಲಷ್, ಅಂದರೆ ಕೆನ್ನೆಗೆ ಹಚ್ಚುವ ಕೆಂಪು, ಮುಖ್ಯ ಅನ್ನಿಸುತ್ತದೆ. ಬಿಸಿಲಿಗೆ ಮುಖ ಬರೀ ಕಂದಾಗುವುದಿಲ್ಲ, ಕೆಂಪಾಗುತ್ತದೆ ಅಲ್ವಾ? ಒಂದು ಕೆನ್ನೆಯಿಂದ ಮೂಗು ದಾಟಿ ಇನ್ನೊಂದು ಕೆನ್ನೆಗೆ ಬ್ಲಷ್ ತೆಳ್ಳಗೆ ಎಳೆಯಿರಿ. ಅಲ್ಲೇ ಬಿಸಿಲಿನ ಭ್ರಮೆ ಹುಟ್ಟುತ್ತದೆ. ಹೊಳಪು ಕೊಡುವ ಹೈಲೈಟರ್ ಕೆನ್ನೆಮೂಳೆಯ ತುದಿಗೆ ಒಂದು ಚಿಟಿಕೆ ಸಾಕು. ಕತ್ತು ಮರೆಯಬೇಡಿ, ಟ್ಯಾನ್ ಆದ ಮೇಲೆ ಹಳೆಯ ಫೌಂಡೇಶನ್ ಹೊಂದುವುದಿಲ್ಲ ಅನ್ನುವುದನ್ನೂ.

ಈ ಬಣ್ಣ ಬಿಸಿಲನ್ನು ತಡೆಯುವುದಿಲ್ಲ. ಮೈ ಕಂದಾಗಿದೆ, ಇನ್ನು ಏನೂ ಆಗುವುದಿಲ್ಲ ಎಂದು ಹೊರಗೆ ನಿಂತರೆ ಸುಡುವುದು ಸುಡುತ್ತದೆ. ಹಚ್ಚಿದ ದಿನವಂತೂ ಬಿಸಿಲಿನಿಂದ ದೂರವೇ ಇರಿ, ಉಳಿದ ದಿನ ಸನ್‌ಸ್ಕ್ರೀನ್ ಬಿಡಬೇಡಿ. ಬಣ್ಣ ಒಂದು ವಾರದ ಆಸುಪಾಸಿನಲ್ಲಿ ಮಾಸುತ್ತದೆ. ದಿನಾ ಮಾಯಿಶ್ಚರೈಸರ್ ಹಚ್ಚಿದರೆ ತೇಪೆ ಬೀಳದೆ ಸಮವಾಗಿ ಮಾಸುತ್ತದೆ. ಅಷ್ಟರೊಳಗೇ ಎಲ್ಲಾದರೂ ಗೆರೆ ಬಿದ್ದರೆ ಆ ಜಾಗಕ್ಕೆ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಬಿಸಿನೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಮೆಲ್ಲಗೆ ಉಜ್ಜಿ. ಪೂರ್ತಿ ಹೋಗದಿದ್ದರೂ ಅಂಚು ಮಸುಕಾಗುತ್ತದೆ. ನಮಸ್ಕಾರ.